ಗೂಗಲ್ ಸೇವೆಗಳ ವಿಸ್ತಾರ ಮತ್ತು ಆದವಾನಿ ಸೀಮೆಯ ಭಿನ್ನಾಭಿಪ್ರಾಯಗಳು

ಅಮೆರಿಕದ ಗೂಗಲ್ ಕಂಪನಿ 1998ರಲ್ಲಿ ಹುಟ್ಟಿದಾಗ ಅದಕ್ಕಿದ್ದದ್ದು ಒಂದೇ ಕಸುಬು, ಅಂತರಜಾಲದಲ್ಲಿ ಬೇಕಾದ್ದನ್ನು ಹುಡುಕಿಕೊಡುವುದು. 2004ರಲ್ಲಿ ಜಿಮೇಲ್ ಬಂತು, 2005ರಲ್ಲಿ ನಕ್ಷೆ. ಅದೇ ವರ್ಷ ಆಂಡ್ರಾಯ್ಡ್ ಎಂಬ ಪುಟ್ಟ ಕಂಪನಿ ಅದರ ತೆಕ್ಕೆಗೆ ಬಿತ್ತು, ಮರುವರ್ಷ 165 ಕೋಟಿ ಡಾಲರಿಗೆ ಯೂಟ್ಯೂಬ್. 2008ರಲ್ಲಿ ಕ್ರೋಮ್ ಬ್ರೌಸರ್, 2017ರಲ್ಲಿ ಭಾರತಕ್ಕೆಂದೇ ಮಾಡಿದ ತೇಜ್ ಎಂಬ ಹಣ ಪಾವತಿಯ ಆ್ಯಪ್. ಈ ಹಬ್ಬುವಿಕೆಯ ಬಗ್ಗೆ ಲೋಕದಲ್ಲಿರುವ ಜಗಳಗಳೆಲ್ಲ ಕರ್ನೂಲ್ ಜಿಲ್ಲೆಯ ಆದವಾನಿಯಲ್ಲೂ ಅದರ ಸುತ್ತಲಿನ ಮಂಡಲಗಳಲ್ಲೂ ಇವೆ. ಇಲ್ಲಿ ಅದಕ್ಕೆ ಇನ್ನೊಂದು ಗಂಟು ಸೇರಿಕೊಂಡಿದೆ. ಆಳುವ ಸರ್ಕಾರದ ಭಾಷೆ ತೆಲುಗು, ಗಡಿಯ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಪೇಟೆಯಲ್ಲಿ ಉರ್ದುವೂ ಧಾರಾಳ.

ಈ ಗಂಟು ಬಿದ್ದದ್ದು 1953ರಲ್ಲಿ. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಮದ್ರಾಸ್ ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆ ಎರಡಾಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹೊಳಗುಂದ, ಹಾಲಹರ್ವಿ ಕಡೆಯವರಿಗೆ ಸಂತೆ, ಆಸ್ಪತ್ರೆ, ಬೀಗತನ ಎಂದರೆ ಇಂದಿಗೂ ಸಿರುಗುಪ್ಪ, ಬಳ್ಳಾರಿಯೇ ಹತ್ತಿರ. ಗಡಿ ಮಂಡಲಗಳ ಕನ್ನಡ ಮಾಧ್ಯಮ ಶಾಲೆಗಳು ಆಂಧ್ರದ ಪಠ್ಯಕ್ರಮವನ್ನು ಕನ್ನಡದಲ್ಲಿ ಕಲಿಸುತ್ತವೆ. ಹೊಲದ ಪಹಣಿಯ ಮಾತು ಬೇರೆ. ಕನ್ನಡದಲ್ಲಿರುವ ಕರ್ನಾಟಕದ ಭೂಮಿ ತಂತ್ರಾಂಶದಲ್ಲಿ ಇವರ ಹೊಲವಿಲ್ಲ. ಇವರ ಹೊಲವಿರುವ ಆಂಧ್ರದ ಮೀಭೂಮಿ ತೆಲುಗು, ಇಂಗ್ಲಿಷಿನಲ್ಲಿದೆ.

ಗೂಗಲ್ಲಿಗೆ ಈ ಗಡಿ ಕಾಣಲಿಲ್ಲ. ಅದರ ಪರವಾಗಿ ಮಾತನಾಡುವವರ ಮೊದಲ ವಾದವೇ ಇದು. 2011ರಲ್ಲಿ ಅನುವಾದ ಸೇವೆಗೆ ಕನ್ನಡ ಸೇರಿತು. 2014ರ ಆಂಡ್ರಾಯ್ಡ್ 5.0 ಆವೃತ್ತಿಯಲ್ಲಿ ಫೋನಿನ ಮೆನುಗಳೇ ಕನ್ನಡವಾದವು. 2017ರ ಆಗಸ್ಟ್‌ನಲ್ಲಿ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯ ಕನ್ನಡ, ತೆಲುಗು, ಉರ್ದು ಮೂರಕ್ಕೂ ಒಂದೇ ದಿನ ಬಂತು. ಮರುತಿಂಗಳು ಬಂದ ತೇಜ್‌ನಲ್ಲೂ ಕನ್ನಡವಿತ್ತು. ಗೂಗಲ್ಲಿನ ಕೃತಕ ಬುದ್ಧಿಮತ್ತೆಯ ಜೆಮಿನೈ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಒಂಬತ್ತು ಭಾರತೀಯ ಭಾಷೆಗಳ ಪೈಕಿ ಕನ್ನಡವೂ ಒಂದು. ಭಾಷೆ ಆಯ್ದುಕೊಳ್ಳುವಾಗ ಆಧಾರ್ ಕಾರ್ಡಿನಲ್ಲಿ ಯಾವ ರಾಜ್ಯವಿದೆ ಎಂದು ಫೋನು ಕೇಳುವುದಿಲ್ಲ. ಏಳು ದಶಕ ಎರಡು ಸರ್ಕಾರಗಳ ನಡುವೆ ಅರ್ಜಿ ಹಿಡಿದು ಓಡಾಡಿದ ಸೀಮೆಗೆ ಇದು ಸಣ್ಣ ಸಂಗತಿಯಲ್ಲ.

ಇಷ್ಟಕ್ಕೇ ಕಂಪನಿಗೆ ಹಾರ ಹಾಕಬೇಕಿಲ್ಲ ಎನ್ನುವವರ ವಾದವೂ ಗಟ್ಟಿಯಾಗಿದೆ. ಹೊಳಗುಂದದ ರೈತನೊಬ್ಬ ಫೋನನ್ನು ಬಾಯಿಯ ಹತ್ತಿರ ಹಿಡಿದು, ‘ಇವತ್ತು ಆದೋನಿ ಮಾರ್ಕೆಟ್ನಾಗ ಹತ್ತಿ ಏಟೈತಿ’ ಎಂದು ಕೇಳಿದ ಎನ್ನೋಣ. ಪುಸ್ತಕದ ಕನ್ನಡಕ್ಕೆ ಒಗ್ಗಿದ ಯಂತ್ರ ‘ಏಟೈತಿ’ಯ ಮುಂದೆ ತಡವರಿಸುತ್ತದೆ. ಸರಿಯಾಗಿ ಕೇಳಿಸಿಕೊಂಡರೂ ಉತ್ತರ ಬಡಕಲು, ಏಕೆಂದರೆ ಆದವಾನಿ ಹತ್ತಿ ಮಾರುಕಟ್ಟೆಯ ದಿನದ ಸುದ್ದಿ ಬರೆಯುವ ಪತ್ರಿಕೆ, ವಾಹಿನಿಗಳೆಲ್ಲ ಬಹುಮಟ್ಟಿಗೆ ತೆಲುಗಿನವು. ಆತ ಎರಡನೇ ಸಲ ಪ್ರಶ್ನೆಯನ್ನು ತೆಲುಗಿಗೆ ಹೊರಳಿಸುತ್ತಾನೆ, ಬೇಕಾದ್ದು ಸಿಗುತ್ತದೆ. ಹುಡುಕಾಟದ ಯಂತ್ರ ಬರೆದಿಟ್ಟದ್ದನ್ನಷ್ಟೇ ಹುಡುಕಬಲ್ಲದು; ಮೆನು ಕನ್ನಡವಾದ ಮಾತ್ರಕ್ಕೆ ಒಳಗಿನ ಸರಕು ಕನ್ನಡವಾಗುವುದಿಲ್ಲ. ಈ ಕೊರತೆಯನ್ನು ಪೂರ್ತಿ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಡುಮಾತಿನ ವಿಷಯದಲ್ಲಿ ಮಾತ್ರ ಒಂದು ಒಳ್ಳೆಯ ಪ್ರಯತ್ನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ 2022ರಲ್ಲಿ ಆರಂಭಿಸಿದ ವಾಣಿ ಯೋಜನೆ ದೇಶದ 773 ಜಿಲ್ಲೆಗಳ ಜನ ಆಡುವ ಮಾತನ್ನು ಆಡಿದಂತೆಯೇ ದಾಖಲಿಸುವ ಗುರಿ ಇಟ್ಟುಕೊಂಡಿದೆ. ಆ ಧ್ವನಿಭಂಡಾರ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಸ್ವತ್ತು.

ಯಂತ್ರದ ಕನ್ನಡದ ಬಗ್ಗೆ ಕನ್ನಡಿಗರ ಮುನಿಸು ಹಳೆಯದು. 2009ರಿಂದ 2011ರ ಅವಧಿಯಲ್ಲಿ ಗೂಗಲ್ ತನ್ನ ಅನುವಾದ ಸಲಕರಣೆಯನ್ನು ಪಳಗಿಸಲು ಇಂಗ್ಲಿಷ್ ವಿಕಿಪೀಡಿಯದ ಉದ್ದುದ್ದ ಲೇಖನಗಳನ್ನು ಭಾಷಾಂತರಿಸಿ ಕನ್ನಡ, ತಮಿಳು, ತೆಲುಗು, ಬಂಗಾಳಿ ವಿಕಿಪೀಡಿಯಗಳಿಗೆ ಏರಿಸಿತು. ಪುಟಗಳ ಗಾತ್ರ ಬೆಳೆಯಿತು. ಓದಿದರೆ ವಾಕ್ಯ ಎಲ್ಲಿಂದ ಹೊರಟು ಎಲ್ಲಿ ಇಳಿಯಿತು ಎಂದು ತಿಳಿಯುತ್ತಿರಲಿಲ್ಲ. ಬಂಗಾಳಿ ಸಮುದಾಯ ಬೇಡವೆಂದು ಬಾಗಿಲು ಹಾಕಿತು, ತಮಿಳರು ಕೂತು ಮಾತುಕತೆ ನಡೆಸಿದರು. ಕನ್ನಡ ವಿಕಿಪೀಡಿಯದ ಸ್ವಯಂಸೇವಕರು ಆ ಲೇಖನಗಳನ್ನು ತಿದ್ದುವ ಕೂಲಿಯಿಲ್ಲದ ಕೆಲಸವನ್ನು ವರ್ಷಗಟ್ಟಲೆ ಹೊರಬೇಕಾಯಿತು. ಆಮೇಲೆ 2021ರ ಜೂನ್ ತಿಂಗಳ ಪ್ರಕರಣ: ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಎಂದು ಹುಡುಕಿದವರಿಗೆ, ಯಾರೂ ಹೆಸರು ಕೇಳಿರದ ಜಾಲತಾಣವೊಂದರ ಸಾಲನ್ನೆತ್ತಿ ಗೂಗಲ್ ಕನ್ನಡದ ಹೆಸರು ತೋರಿಸಿತು. ಕರ್ನಾಟಕದ ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ನೋಟಿಸಿನ ಮಾತಾಡಿದರು. ಕಂಪನಿ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಅದು ತನ್ನ ಅಭಿಪ್ರಾಯವಲ್ಲ, ಜಾಲದಲ್ಲಿದ್ದದ್ದು ಹಾಗೆ ಬಂತು ಎಂಬುದು ಅದರ ಸಮಜಾಯಿಷಿ. ಕ್ಷಮೆ ಬೇಗ ಬಂದದ್ದಕ್ಕೆ ಕಾರಣ ಕನ್ನಡದ ಬೆನ್ನಿಗೆ ಒಂದು ರಾಜ್ಯ ಸರ್ಕಾರ ಇದ್ದದ್ದು ಎನ್ನಲು ಅಡ್ಡಿಯಿಲ್ಲ.

ಹುಡುಕಾಟಕ್ಕಿಂತ ಹೆಚ್ಚಾಗಿ ಈ ಸೀಮೆಯನ್ನು ಹಿಡಿದದ್ದು ಯೂಟ್ಯೂಬ್. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಓದು ಬಾರದವರಿಗೂ ಅಂತರಜಾಲ ದಕ್ಕಿತು. ಮುಂಗಾರಿನ ಮೊದಲ ಮಳೆ ಬಿದ್ದರೆ ಜೊನ್ನಗಿರಿ, ತುಗ್ಗಲಿ, ಮದ್ದಿಕೇರ ಹೊಲಗಳಲ್ಲಿ ವಜ್ರ ಹುಡುಕುವವರ ಜಾತ್ರೆ. ಕೆಂಪು ಮಣ್ಣು ತೊಳೆದು ಹೋದ ಕಡೆ ಸಣ್ಣ ಹರಳು ಮಿಂಚುತ್ತದೆಯೇ ಎಂದು ಬಗ್ಗಿ ನೋಡುತ್ತ ಗಂಡಸರು, ಹೆಂಗಸರು, ಮಕ್ಕಳು ಇಡೀ ದಿನ ನಡೆಯುತ್ತಾರೆ. ಹಿಂದೆ ಸುತ್ತಲಿನ ಊರವರಷ್ಟೇ ಇಳಿಯುತ್ತಿದ್ದ ಹೊಲಕ್ಕೆ ಈಗ ವಿಡಿಯೊ ನೋಡಿಕೊಂಡು ಬಳ್ಳಾರಿಯಿಂದ, ತೆಲಂಗಾಣದಿಂದಲೂ ಜನ ಬರುತ್ತಾರೆ. ಬಿತ್ತನೆಗೆ ಹದಗೊಂಡ ನೆಲ ತುಳಿತಕ್ಕೆ ಸಿಕ್ಕುತ್ತದೆಂದು ಹೊಲದ ಒಡೆಯರು ಗೊಣಗುತ್ತಾರೆ. ವಜ್ರ ಸಿಕ್ಕವನ ವಿಡಿಯೊ ಲಕ್ಷ ಜನಕ್ಕೆ ತಲುಪುತ್ತದೆ, ಬರಿಗೈಯಲ್ಲಿ ಬಸ್ ಹತ್ತಿದವರದ್ದನ್ನು ಯಾರೂ ಹಾಕುವುದಿಲ್ಲ. ದಸರೆಯ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವಕ್ಕೆ ದೊಣ್ಣೆ ಹಿಡಿದು ಸೇರುವ ಹಳ್ಳಿಗರ ಕಾದಾಟದ ದೃಶ್ಯಗಳದ್ದೂ ಇದೇ ಕಥೆ. ತಲೆ ಒಡೆದ ದೃಶ್ಯ ದೂರ ಹೋಗುತ್ತದೆ, ಆಚರಣೆಯ ಹಿನ್ನೆಲೆ ಹೇಳುವ ಮಾತು ಊರಲ್ಲೇ ಉಳಿಯುತ್ತದೆ. ಪಶ್ಚಿಮ ಕರ್ನೂಲನ್ನು ಹೊರಗಿನವರು ನೋಡುವ ಕಣ್ಣು ಇಂಥ ವಿಡಿಯೊಗಳಿಂದ ತಯಾರಾಗುತ್ತಿದೆ ಎಂಬ ಆಕ್ಷೇಪಕ್ಕೆ ಆಧಾರವಿದೆ. ಅದೇ ಯೂಟ್ಯೂಬಿನಲ್ಲಿ ಕರ್ನಾಟಕದ ಶಿಕ್ಷಕರ ಕನ್ನಡ ಪಾಠ ಗಡಿಯಾಚೆಯ ಹುಡುಗರಿಗೂ ಸಿಗುತ್ತದೆ ಎಂಬುದು ಇನ್ನೊಂದು ಮಗ್ಗುಲು.

ಹಣದ ಮಾತಿಗೆ ಬಂದರೆ ದೂರು ಕಡಿಮೆ. ಈ ಕಡೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಮಂತ್ರಾಲಯ, ಕೌತಾಳಂ ಮಂಡಲಗಳ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ, ತೆಲಂಗಾಣಕ್ಕೆ ಹತ್ತಿ ಬಿಡಿಸಲು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಮಕ್ಕಳ ಶಾಲೆ ನಿಲ್ಲುತ್ತದೆ, ಮುದುಕರು ಮನೆ ಕಾಯುತ್ತಾರೆ. ಕೂಲಿಯ ಹಣ ಊರಿಗೆ ತಲುಪಿಸಲು ಮೇಸ್ತ್ರಿಯನ್ನೋ ಊರಿಗೆ ಹೊರಟವರನ್ನೋ ನಂಬಬೇಕಾಗಿದ್ದ ಕಾಲ ಯುಪಿಐ ಬಂದ ಮೇಲೆ ಮುಗಿಯಿತು. 2018ರಲ್ಲಿ ತೇಜ್ ಹೆಸರು ಬದಲಿಸಿಕೊಂಡು ಗೂಗಲ್ ಪೇ ಆಯಿತು. ಬೆಂಗಳೂರಿನ ಫೋನ್‌ಪೇ ಜೊತೆ ಸೇರಿ ಅದು ದೇಶದ ಯುಪಿಐ ವ್ಯವಹಾರದ ಬಹುಪಾಲನ್ನು ಹಿಡಿದಿದೆ. ಒಂದೇ ಆ್ಯಪ್ ಶೇ. 30ಕ್ಕಿಂತ ಹೆಚ್ಚು ಪಾಲು ಹೊಂದಬಾರದು ಎಂಬ ರಾಷ್ಟ್ರೀಯ ಪಾವತಿ ನಿಗಮದ ನಿಯಮ ಮತ್ತೆ ಮತ್ತೆ ಮುಂದಕ್ಕೆ ಹೋಗಿ 2026ರ ಡಿಸೆಂಬರ್‌ಗೆ ಬಂದು ನಿಂತಿದೆ. ಹಣ ಕಳಿಸುವುದು ಉಚಿತವೇ. ಆದರೆ 2023ರ ಕೊನೆಯಿಂದ ಮೊಬೈಲ್ ರೀಚಾರ್ಜಿಗೆ ಒಂದೆರಡು ರೂಪಾಯಿ ಶುಲ್ಕ ಬಿದ್ದಿತು.

ಪುಕ್ಕಟೆ ಸಿಕ್ಕದ್ದು ಪುಕ್ಕಟೆಯಾಗಿಯೇ ಉಳಿಯುವುದಿಲ್ಲ, ಉಳಿದರೂ ಇರುತ್ತದೆಂಬ ಖಾತರಿಯಿಲ್ಲ ಎನ್ನುವವರ ಬಳಿ ಪಟ್ಟಿಯೇ ಇದೆ. ರೀಡರ್ 2013ರಲ್ಲಿ, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಫೋಟೊ ಉಗ್ರಾಣದ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಕೊನೆಗೊಂಡಿತು. ರೈಲು ನಿಲ್ದಾಣಗಳ ಉಚಿತ ವೈಫೈ ಯೋಜನೆಯಿಂದ ಕಂಪನಿ 2020ರಲ್ಲಿ ಹಿಂದೆ ಸರಿಯಿತು. ರೈಲ್‌ಟೆಲ್ ಮುಂದುವರಿಸಿದ್ದರಿಂದ ಪ್ರಯಾಣಿಕರಿಗೆ ಅದರ ಬಿಸಿ ತಟ್ಟಲಿಲ್ಲ. ಹಳ್ಳಿಯ ಮಟ್ಟದಲ್ಲಿ ತೊಂದರೆಯ ಸ್ವರೂಪ ಬೇರೆ. ಅಂಗಡಿಯವನೇ ಹೊಸ ಫೋನಿಗೆ ಜಿಮೇಲ್ ಖಾತೆ ತೆರೆದುಕೊಟ್ಟಿರುತ್ತಾನೆ. ಪಾಸ್‌ವರ್ಡ್ ಅವನಿಗೆ ನೆನಪಿಲ್ಲ, ಫೋನಿನ ಒಡೆಯನಿಗೆ ಮೊದಲೇ ಗೊತ್ತಿಲ್ಲ. ಗುಳೆ ಹೋದಲ್ಲಿ ಫೋನು ಕಳೆದರೆ ಮಗುವಿನ ಫೋಟೊದಿಂದ ಹಿಡಿದು ಕೂಲಿ ಲೆಕ್ಕದ ಪುಟದವರೆಗೆ ಎಲ್ಲವೂ ಹೋಯಿತೆಂದೇ ಅರ್ಥ.

ನಕ್ಷೆಯ ವಿಷಯದಲ್ಲಿ ಮಂತ್ರಾಲಯವೇ ದೊಡ್ಡ ಉದಾಹರಣೆ. ರಾಘವೇಂದ್ರ ಸ್ವಾಮಿಗಳ ಬೃಂದಾವನಕ್ಕೆ ಬೆಂಗಳೂರು, ರಾಯಚೂರು, ಬಳ್ಳಾರಿ ಕಡೆಗಳಿಂದ ಕಾರಿನಲ್ಲಿ ಬರುವ ಭಕ್ತರಲ್ಲಿ ದಾರಿ ಕೇಳುವವರು ಈಗ ವಿರಳ. ಲಾಡ್ಜು, ಖಾನಾವಳಿಗಳ ವ್ಯಾಪಾರ ನಕ್ಷೆಯ ಮೇಲಿನ ನಕ್ಷತ್ರಗಳನ್ನು ನೋಡಿಕೊಂಡೇ ನಡೆಯುತ್ತದೆ. ಹಳ್ಳಿ, ರಸ್ತೆಗಳ ಹೆಸರನ್ನು ಜನರೇ ಸೇರಿಸಲು ಬಿಟ್ಟಿದ್ದ ಮ್ಯಾಪ್ ಮೇಕರ್ 2017ರಲ್ಲಿ ನಿಂತುಹೋದರೂ ಅದರ ಫಲವನ್ನು ಗ್ರಾಮೀಣ ಭಾರತ ಇಂದಿಗೂ ಉಣ್ಣುತ್ತಿದೆ. ಈ ಸೇವೆಗೆ ಕಪ್ಪು ಮುಖವೂ ಇದೆ. ಯಾತ್ರಾಸ್ಥಳಗಳ ವಸತಿ ಕಾಯ್ದಿರಿಸುವವರನ್ನು ನಕಲಿ ಜಾಲತಾಣಗಳೂ ಹುಡುಕಾಟದ ಜಾಹೀರಾತುಗಳೂ ವಂಚಿಸುತ್ತಿವೆ ಎಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ದುಡ್ಡು ಕೊಟ್ಟವನ ಜಾಹೀರಾತು ಅಸಲಿ ಕೊಂಡಿಗಿಂತ ಮೇಲೆ ಕೂರುವ ವ್ಯವಸ್ಥೆಯಲ್ಲಿ ಹೊಣೆ ಬಳಕೆದಾರನ ಕಣ್ಣಿನದು ಮಾತ್ರ ಎನ್ನುವುದು ಒಪ್ಪುವ ಮಾತಲ್ಲ.

ಪ್ರವಾಹದ ಮುನ್ಸೂಚನೆಯನ್ನು ಮಾತ್ರ ಬಹುತೇಕರು ಮೆಚ್ಚುತ್ತಾರೆ. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಮಂತ್ರಾಲಯವನ್ನೇ ಮುಳುಗಿಸಿದ್ದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಕೇಂದ್ರ ಜಲ ಆಯೋಗದ ಜೊತೆ ಸೇರಿ ಗೂಗಲ್ 2018ರಲ್ಲಿ ಪಟ್ನಾದಲ್ಲಿ ಆರಂಭಿಸಿದ ಈ ಸೇವೆ 2020ರ ಹೊತ್ತಿಗೆ ದೇಶದುದ್ದಕ್ಕೂ ಹರಡಿತು. ಹಾಗಿದ್ದೂ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಹೆಸರು ಹಿಡಿದು ಎಚ್ಚರಿಕೆ ಕೊಟ್ಟದ್ದು ಆಂಧ್ರದ ವಿಪತ್ತು ನಿರ್ವಹಣಾ ಪ್ರಾಧಿಕಾರ. ಮಳೆಯ ಲೆಕ್ಕ ಹಾಕುವ ಯಂತ್ರಕ್ಕೆ ಗೇಟಿನ ಸರಪಳಿ ತುಂಡಾಗುವುದನ್ನು ಮುಂಚಿತವಾಗಿ ಹೇಳಲಾಗದು.

ಏಕಸ್ವಾಮ್ಯದ ತಕರಾರು ದೆಹಲಿಯಲ್ಲಿ ನಡೆದದ್ದಾದರೂ ಆದವಾನಿಯ ಅಂಗಡಿಯಲ್ಲಿ ಬಿಚ್ಚುವ ಪ್ರತಿ ಫೋನಿನ ಪೆಟ್ಟಿಗೆಗೂ ಸಂಬಂಧಪಟ್ಟದ್ದು. ಹೊಸ ಫೋನಿನ ಮೊದಲ ಪರದೆಯಲ್ಲೇ ಹುಡುಕಾಟ, ನಕ್ಷೆ, ಯೂಟ್ಯೂಬ್, ಕ್ರೋಮ್ ಸಾಲಾಗಿ ಕೂತಿರುತ್ತವೆ. ಫೋನ್ ತಯಾರಕರ ಮೇಲೆ ಇವನ್ನು ಹೇರಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿ ದಂಡ ಹಾಕಿತು. ಐದು ದಿನ ಬಿಟ್ಟು, ಪ್ಲೇ ಸ್ಟೋರ್ ಪಾವತಿ ನಿಯಮಗಳಿಗಾಗಿ ಇನ್ನೂ 936.44 ಕೋಟಿ. ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚ್‌ನಲ್ಲಿ ಮೊದಲ ದಂಡವನ್ನು ಎತ್ತಿಹಿಡಿದು ನಾಲ್ಕು ನಿರ್ದೇಶನಗಳನ್ನು ಕೈಬಿಟ್ಟಿತು. ಎರಡನೆಯ ದಂಡವನ್ನು 2025ರಲ್ಲಿ 216.69 ಕೋಟಿಗೆ ಇಳಿಸಿತು. ಅಮೆರಿಕದ ನ್ಯಾಯಾಲಯವೂ 2024ರ ಆಗಸ್ಟ್‌ನಲ್ಲಿ ಹುಡುಕಾಟದಲ್ಲಿ ಗೂಗಲ್ ಅಕ್ರಮವಾಗಿ ಏಕಸ್ವಾಮ್ಯ ಕಾಯ್ದುಕೊಂಡಿದೆ ಎಂದಿತು. ಆದವಾನಿಯಲ್ಲಿ ಸಿಸಿಐ ಎಂದರೆ ಜನಕ್ಕೆ ನೆನಪಾಗುವುದು ಸ್ಪರ್ಧಾ ಆಯೋಗವಲ್ಲ, ಹತ್ತಿ ಕೊಳ್ಳುವ ಭಾರತೀಯ ಹತ್ತಿ ನಿಗಮ ಎಂಬುದು ಬೇರೆ ಮಾತು.

ಆ ಹತ್ತಿ ನಿಗಮವೇ ಈಗ ರೈತನನ್ನು ಪ್ಲೇ ಸ್ಟೋರಿನ ಬಾಗಿಲಿಗೆ ಕಳಿಸುತ್ತಿದೆ. 2025–26ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿಯ ಬೆಂಬಲ ಬೆಲೆ ಬೇಕಾದವರು ಕಪಾಸ್ ಕಿಸಾನ್ ಎಂಬ ಆ್ಯಪ್‌ನಲ್ಲಿ ನೋಂದಾಯಿಸಿ ಸರದಿ ಕಾಯ್ದಿರಿಸಬೇಕಿತ್ತು. ಮಳೆಗೆ ತೊಯ್ದ ಹತ್ತಿಯ ತೇವಾಂಶ ಇಳಿಯಲೆಂದು ಅಂಗಳದಲ್ಲಿ ಹರವಿ, ಫೋನಿನಲ್ಲಿ ಸರದಿ ಸಿಗದೆ, ಕೊನೆಗೆ ಖಾಸಗಿ ವ್ಯಾಪಾರಿ ಕೂಗಿದ ರೇಟಿಗೆ ತಲೆಯಾಡಿಸುವ ಸಣ್ಣ ರೈತನ ಪಾಲಿಗೆ ಆ್ಯಪ್ ಸರ್ಕಾರದ್ದೋ ಕಂಪನಿಯದ್ದೋ ಎಂಬ ವ್ಯತ್ಯಾಸ ಉಳಿಯುವುದಿಲ್ಲ. ಸರ್ಕಾರಗಳು ಸಾರ್ವಜನಿಕ ಸೇವೆಯನ್ನು ಕಂಪನಿಗಳ ಅಂಗಡಿಯ ಮೂಲಕ ಹಂಚಲು ಹೊರಟಾಗ ಆ ಅಂಗಡಿಯ ನಿಯಮಗಳು ಖಾಸಗಿ ವಿಷಯವಾಗಿ ಉಳಿಯವು. 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ಗೂಗಲ್ ಭಾರತ್ ಮ್ಯಾಟ್ರಿಮನಿ, ನೌಕ್ರಿ ಮುಂತಾದ ಆ್ಯಪ್‌ಗಳನ್ನು ರಾತ್ರೋರಾತ್ರಿ ಕಿತ್ತು, ಕೇಂದ್ರ ಸಚಿವರು ಮಧ್ಯೆ ಬಂದ ಮೇಲೆ ಮರಳಿಸಿತು. ಪರ್ಯಾಯಗಳು ಇಲ್ಲವೆಂದಲ್ಲ. ಫೋನ್‌ಪೇ 2024ರ ಫೆಬ್ರವರಿಯಲ್ಲಿ ಕನ್ನಡವೂ ಸೇರಿ ಹನ್ನೆರಡು ಭಾರತೀಯ ಭಾಷೆಗಳ ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು. ನಕ್ಷೆಗೆ ಮ್ಯಾಪಲ್ಸ್ ಇದೆ. ಕನ್ನಡದಲ್ಲೇ ಮೊದಲು ಕಣ್ಣು ಬಿಟ್ಟ ಬೆಂಗಳೂರಿನ ಸಾಮಾಜಿಕ ಜಾಲತಾಣ ಕೂ 2024ರಲ್ಲಿ ಮುಚ್ಚಿಹೋದದ್ದನ್ನು ನೋಡಿದರೆ ಪರ್ಯಾಯ ಕಟ್ಟುವುದು ಎಷ್ಟು ದುಬಾರಿ ಎಂಬುದೂ ತಿಳಿಯುತ್ತದೆ.

2025ರ ಅಕ್ಟೋಬರ್ 14ರಂದು ಗೂಗಲ್ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ಬೃಹತ್ ದತ್ತಾಂಶ ಕೇಂದ್ರ ಕಟ್ಟುವುದಾಗಿ ಪ್ರಕಟಿಸಿದಾಗ ವಾದ ಇನ್ನೊಂದು ಮಜಲಿಗೆ ಹೋಯಿತು. ಆಂಧ್ರ ಸಚಿವ ನಾರಾ ಲೋಕೇಶ್ ಅದನ್ನು ರಾಜ್ಯದ ಗೆಲುವೆಂದು ಸಾರಿದರು. ಭೂಮಿ, ನೀರು, ವಿದ್ಯುತ್ತಿಗೆ ಕೊಟ್ಟ ರಿಯಾಯಿತಿಗಳ ಲೆಕ್ಕ ಎತ್ತಿ ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಪ್ರಶ್ನಿಸಿದರು. ಆಂಧ್ರದ ಅಡುಗೆ ಖಾರ, ನೆರೆಯವರಿಗೆ ಉರಿ ತಟ್ಟಿದೆ ಎಂಬ ಧಾಟಿಯ ಉತ್ತರ ಬಂತು. ವಿಶಾಖಪಟ್ಟಣದ ಸುತ್ತಮುತ್ತ ನೀರಿನ ಬಳಕೆಯ ಬಗ್ಗೆ ಆಕ್ಷೇಪಗಳೂ ಎದ್ದವು. ಕರ್ನೂಲೂ ಸೇರಿದ ರಾಯಲಸೀಮೆಯವರ ಹಳೆಯ ನೋವಂತೂ ಕೆದರಿತು. ಕರಾವಳಿ ಮತ್ತು ರಾಯಲಸೀಮೆಯ ಮುಖಂಡರ ನಡುವಿನ 1937ರ ಶ್ರೀಬಾಗ್ ಒಪ್ಪಂದದ ಕಾಲದಿಂದ ಅವರು ಹೇಳುತ್ತ ಬಂದದ್ದು ಒಂದೇ, ಬಂಡವಾಳ ಕರಾವಳಿಗೆ ಹೋಗುತ್ತದೆ. 1953ರಿಂದ 1956ರವರೆಗೆ ರಾಜಧಾನಿಯಾಗಿದ್ದ ಕರ್ನೂಲಿನ ಪಶ್ಚಿಮ ಮಂಡಲಗಳಿಂದ ಜನ ಇನ್ನೂ ಗುಳೆ ಹೋಗುತ್ತಿದ್ದಾರೆ.

ಒಟ್ಟಾರೆ ಈ ಸೀಮೆಯಲ್ಲಿ ಗೂಗಲ್ ಪರ, ವಿರೋಧ ಎಂಬ ಎರಡು ಬಣಗಳನ್ನು ಹುಡುಕಿದರೆ ಸಿಗುವುದಿಲ್ಲ. ಒಬ್ಬನೇ ಮನುಷ್ಯ ಹಣ ಕಳಿಸುವಾಗ ಹೊಗಳುತ್ತಾನೆ, ಖಾತೆ ಕಳೆದಾಗ ಶಪಿಸುತ್ತಾನೆ. ನಿಜವಾದ ಕೊರತೆ ಹೊಣೆಗಾರಿಕೆಯದು. ಸರ್ಕಾರ ಕನ್ನಡ ಕೊಡದಿದ್ದರೆ ಮಂಡಲ ಕಚೇರಿಯ ಮುಂದೆ ಧರಣಿ ಕೂರಬಹುದು. ಕಂಪನಿ ಕೊಟ್ಟ ಕನ್ನಡವನ್ನು ಕಿತ್ತುಕೊಂಡರೆ ಕೂರುವ ಜಾಗ ಯಾವುದು? ಆಂಧ್ರ ಸರ್ಕಾರ 2025ರ ಜನವರಿಯಲ್ಲಿ 161 ಸೇವೆಗಳೊಂದಿಗೆ ತೆರೆದ ಮನ ಮಿತ್ರ ಸಹ ಇನ್ನೊಂದು ಅಮೆರಿಕನ್ ಕಂಪನಿಯ ವಾಟ್ಸ್ಆ್ಯಪ್ ಮೇಲೆ ನಿಂತಿದೆ.

ಕಾನೂನು ಮಾತ್ರ ಈಚೆಗೆ ಒಂದು ಹಿಡಿತ ಕೊಟ್ಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮಾಹಿತಿ ಪಡೆಯುವ ಕಂಪನಿ ತನ್ನ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಬಳಕೆದಾರನಿಗೆ ಕೊಡಬೇಕು ಎನ್ನುತ್ತದೆ ಈ ಕಾಯ್ದೆ. ಆ ಪಟ್ಟಿಯಲ್ಲಿ ಕನ್ನಡವಿದೆ, ಬಳಕೆದಾರ ಯಾವ ರಾಜ್ಯದವನು ಎಂಬ ಷರತ್ತಿಲ್ಲ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ನಿಯಮ ಪ್ರಕಟವಾದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ.